ಮನೆಗೆಲಸ ಅಂದರೆ ಯಾರ ಮನೆಯ ಕೆಲಸ?

ಕರಿಹಲಗೆಯ ಮೇಲೆ ಮೇಷ್ಟ್ರು 'ಮನೆಗೆಲಸ' ಅಂತ ಬರೆದರೆ ಅದಕ್ಕೊಂದು ಅರ್ಥ. ಅದೇ ಮಾತನ್ನು ಕೇರಿಯ ಮೂರನೇ ಕ್ಲಾಸಿನ ಹುಡುಗಿ ಕೇಳಿಸಿಕೊಂಡರೆ ಅರ್ಥ ಬೇರೆ. ಅವಳ ಮನೆಗೆಲಸ ಅಂದರೆ ಕೊಡ ಹಿಡಿದು ನಲ್ಲಿಯ ಮುಂದೆ ಸಾಲು ನಿಲ್ಲೋದು, ತಮ್ಮನ್ನ ಕಂಕುಳಲ್ಲಿ ಎತ್ತಿಕೊಳ್ಳೋದು, ಕಸ ಹೊಡೆಯೋದು, ಅವ್ವ ಕೂಲಿಯಿಂದ ಬರೋದರೊಳಗೆ ಒಲೆ ಹಚ್ಚೋದು. ಎರಡು ಕೆಲಸವೂ ಒಂದೇ ಹೊತ್ತಿಗೆ, ಒಂದೇ ಮನೆಯೊಳಗೆ, ಒಂದೇ ಮಗುವಿನ ಮೇಲೆ ಬೀಳ್ತವೆ. ಯಾವುದು ಗೆದ್ದಿತು ಅಂತ ಮರುದಿನ ಅವಳ ಖಾಲಿ ನೋಟ್‌ಬುಕ್ಕು ಹೇಳ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕುಗಳ ಕೇರಿ, ಹಟ್ಟಿ, ತಾಂಡಾಗಳಲ್ಲಿ ಇದು ದಿನಾ ಸಂಜೆಯ ಜಗಳ. ಭೂಮಿ, ಕೂಲಿ, ಮೀಸಲಾತಿಯ ಪ್ರಶ್ನೆಗಳ ಮುಂದೆ ಹೋಂವರ್ಕ್ ಯಾವ ಲೆಕ್ಕ ಅಂತ ನಮ್ಮ ಹೋರಾಟದ ಗೆಳೆಯರೇ ಕೇಳ್ತಾರೆ. ನಾವು ಹೇಳೋದಿಷ್ಟು. ಅಕ್ಷರ ಯಾರಿಗೆ ಸಿಗಬೇಕು, ಯಾರಿಗೆ ಸಿಗಬಾರದು ಅಂತ ಜಾತಿ ವ್ಯವಸ್ಥೆ ತಲೆತಲಾಂತರದಿಂದ ಬಾಗಿಲು ಕಾದಿದೆ. ಶಾಲೆಯ ಬಾಗಿಲಲ್ಲಿ ಆ ಕಾವಲು ಮುರಿದ ಮೇಲೆ ಅದು ನಮ್ಮ ಮನೆಯ ಹೊಸ್ತಿಲಿಗೆ ಬಂದು ಕೂತಿದೆ. ಮಗು ಶಾಲೆಗೆ ಬರಲಿ, ಆದರೆ ಅರ್ಧ ಪಾಠ ಮನೆಯಲ್ಲೇ ಕಲಿತು ಬರಲಿ ಅನ್ನೋ ನಿಯಮ ಓದು ಬಲ್ಲ ಮನೆಗೆ ನಿಯಮ, ಓದು ಬಾರದ ಮನೆಗೆ ಶಿಕ್ಷೆ. ಇದು ಹೇಗೆ ಬಂತು ಅಂತ ತಿಳೀಬೇಕಾದರೆ ಇದೇ ಸೀಮೆಯ ಚರಿತ್ರೆ ನೋಡಬೇಕು.

1

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕುಂಪಣಿ ಸರ್ಕಾರಕ್ಕೆ ಬಿಟ್ಟುಕೊಟ್ಟ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಪ್ರಾಂತ್ಯದ ಕಲೆಕ್ಟರುಗಳಿಗೆಲ್ಲ ನಿಮ್ಮ ನಿಮ್ಮ ಜಿಲ್ಲೆಯ ಶಾಲೆಗಳ ಲೆಕ್ಕ ಕಳಿಸಿ ಅಂತ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದ. ಆಗ ಬಳ್ಳಾರಿ ಜಿಲ್ಲೆ ದೊಡ್ಡದು. ಅನಂತಪುರ ಸೀಮೆಯೂ ಅದರಲ್ಲೇ ಇತ್ತು, 1882ರಲ್ಲಿ ಬೇರೆಯಾಯಿತು. ನಮ್ಮ ಊರುಗಳೂ ಅದರೊಳಗೇ ಇದ್ದವು.

ಅವನ ಲೆಕ್ಕ ಹೀಗಿದೆ. ಜನಸಂಖ್ಯೆ 9,27,857. ಶಾಲೆಗಳು 533. ಕಲಿಯುವವರು 6,641. ಅಂದರೆ ಸಾವಿರ ಜನಕ್ಕೆ ಏಳು ಮಂದಿ. ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226, ಉಳಿದವು ಮರಾಠಿ, ಪಾರ್ಸಿ, ಸಂಸ್ಕೃತ, ತಮಿಳಿನವು, ಇಂಗ್ಲಿಷಿನದು ಒಂದೇ ಒಂದು. ಇಷ್ಟೂ ಶಾಲೆಗಳಲ್ಲಿ ಹೆಣ್ಣುಮಕ್ಕಳು 60.

ಆ ಶಾಲೆಗಳಲ್ಲಿ ಕಲಿಸುತ್ತಿದ್ದ ರೀತಿಯನ್ನೂ ಕ್ಯಾಂಪ್‌ಬೆಲ್ ಬರೆದಿದ್ದಾನೆ. ಐದನೇ ವರ್ಷಕ್ಕೆ ಮಗು ಶಾಲೆ ಸೇರ್ತದೆ. ಬೆಳಗಿನ ಆರು ಗಂಟೆಗೆ ಶಾಲೆ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಆಮೇಲೆ ಬಂದವರಿಗೆ ಏಟು. ಹಿಂದೆ ಬಂದಷ್ಟೂ ಏಟು ಹೆಚ್ಚು. ಅಕ್ಷರವನ್ನು ಬೆರಳಿನಿಂದ ಮರಳ ಮೇಲೆ ತಿದ್ದಿ ಕಲೀಬೇಕು. ಮುಂದೆ ಹಲಗೆ. ಇಲ್ಲವೆ ಗಂಜಿ ಹಾಕಿ ಮಡಿಚಿ ಇದ್ದಿಲು, ಅಂಟು ಬಳಿದ ಬಟ್ಟೆಯ ಕಡತ. ಬರೆಯೋಕೆ ಬಳಪ, ಒರೆಸೋಕೆ ಒದ್ದೆ ಬಟ್ಟೆ. ತಪ್ಪು ಮಾಡಿದವನಿಗೆ ಬಾರಿಕೋಲು, ಬಸ್ಕಿ. ಎರಡೂ ಕೈ ಕಟ್ಟಿ ತೊಲೆಗೆ ಎಳೆದು ನೇತುಹಾಕೋದೂ ಇತ್ತು.

ಇದರೊಳಗೆ ನಮಗೆ ಬೇಕಾದ ಒಂದು ಸಂಗತಿ ಇದೆ. ಶಾಲೆಯ ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ಗುಂಪು ಮಾಡುತ್ತಿದ್ದರು. ಮುಂದಿದ್ದ ಹುಡುಗರು ಹಿಂದಿದ್ದ ಹುಡುಗರಿಗೆ ಹೇಳಿಕೊಡುತ್ತಿದ್ದರು. ಗುರು ಮೇಲಿನ ಗುಂಪಿಗೆ ಕಲಿಸುತ್ತಾ ಎಲ್ಲರ ಮೇಲೂ ಒಂದು ಕಣ್ಣಿಡುತ್ತಿದ್ದ. ಹೇಳಿಕೊಡುವವನ ಪಾಠವೂ ಗಟ್ಟಿ, ಕೇಳುವವನ ಪಾಠವೂ ಗಟ್ಟಿ, ಖರ್ಚೂ ಕಮ್ಮಿ ಅಂತ ಕಲೆಕ್ಟರ್ ಈ ಪದ್ಧತಿಯನ್ನು ಮೆಚ್ಚಿದ್ದಾನೆ. ಇಂಗ್ಲೆಂಡಿನವರು ಇದನ್ನು ಅನುಸರಿಸಿದ್ದು ಸರಿಯೇ ಅಂತಾನೆ. ಮದ್ರಾಸಿನ ಎಗ್ಮೋರಿನ ಅನಾಥ ಮಕ್ಕಳ ಶಾಲೆಯಲ್ಲಿದ್ದ ಆಂಡ್ರೂ ಬೆಲ್ ಅನ್ನುವ ಪಾದ್ರಿ 1797ರಲ್ಲಿ ಇಂಥ ಕಲಿಕೆಯ ಬಗ್ಗೆ ಪುಸ್ತಕ ಬರೆದು ಇಂಗ್ಲೆಂಡಿಗೆ ತಿಳಿಸಿದ್ದ. ಅಂದರೆ ಮಗು ಮಗುವಿಗೆ ಹೇಳಿಕೊಡೋದು ಪರದೇಶದಿಂದ ಬಂದ ಯೋಜನೆ ಅಲ್ಲ, ಈ ನೆಲದ್ದು. ಅಲ್ಲಿ ಕಲಿಕೆ ಗುರುವಿನ ಕಣ್ಣೆದುರೇ ನಡೆಯುತ್ತಿತ್ತು.

ಈ ವರದಿಗಳನ್ನು ಧರಂಪಾಲ್ 1983ರಲ್ಲಿ ಪುಸ್ತಕವಾಗಿ ತಂದ ಮೇಲೆ ಹಳೆಯ ಕಾಲವೇ ಚಿನ್ನದ ಕಾಲ ಅಂತ ಹಾಡೋರು ಹುಟ್ಟಿಕೊಂಡರು. ನಾವು ಆ ಹಾಡಿಗೆ ದನಿಗೂಡಿಸೋದಿಲ್ಲ. ಪ್ರಾಂತ್ಯದ ಪಟ್ಟಿಗಳಲ್ಲಿ ಬ್ರಾಹ್ಮಣ, ವೈಶ್ಯ, ಶೂದ್ರ ಅಂತ ಕಲಂಗಳಿವೆ, ಕೊನೆಗೆ 'ಇತರ ಜಾತಿ' ಅಂತ ಒಂದು. ಹೊಲೆಯ, ಮಾದಿಗ ಅಂತ ಬೇರೆ ಕಲಂ ಇಲ್ಲ. ಜಗಲಿಯ ಮೇಲೆ, ಗುಡಿಯೊಳಗೆ, ಮಠದೊಳಗೆ ನಡೆಯುತ್ತಿದ್ದ ಶಾಲೆಯ ಮೆಟ್ಟಿಲನ್ನು ನಮ್ಮವರು ಹತ್ತುವಂತಿತ್ತೆ? ಕಲಿಸುವ ಕ್ರಮ ಒಳ್ಳೇದಿತ್ತು, ಬಾಗಿಲು ಹಾಕಿತ್ತು. ಎರಡನ್ನೂ ಒಟ್ಟಿಗೆ ಹೇಳಿದರೇ ಅದು ಚರಿತ್ರೆ.

ಕ್ಯಾಂಪ್‌ಬೆಲ್ ಇನ್ನೊಂದು ನಿಜ ಬರೆದ. ಹಿಂದೆ ಶಾಲೆ ಇದ್ದ ಎಷ್ಟೋ ಊರುಗಳಲ್ಲಿ ಈಗ ಇಲ್ಲ. ವಿಲಾಯ್ತಿ ಬಟ್ಟೆ ಬಂದು ನೇಕಾರರ ಬದುಕು ಸೊರಗಿದೆ. ಬಡವರು ಗುರುವಿನ ಸಂಬಳ ಕೊಡಲಾರರು. ಮಕ್ಕಳ ಎಳೆಯ ಕೈಕಾಲು ಚೂರು ಬಲಿತರೆ ಸಾಕು, ದುಡಿಮೆಗೆ ಬೇಕು. ಇನ್ನೂರು ವರ್ಷದ ಹಿಂದೆ ಒಬ್ಬ ಕಲೆಕ್ಟರನಿಗೆ ಕಂಡ ಕಾರಣ ಇವತ್ತು ಎಷ್ಟೋ ಆಫೀಸುಗಳಿಗೆ ಕಾಣೋದಿಲ್ಲ. ಅವು 'ಪಾಲಕರ ನಿರಾಸಕ್ತಿ' ಅಂತ ಒಂದು ಮಾತು ಬರೆದು ಫೈಲು ಮುಚ್ತವೆ.

2

ಆಮೇಲೆ ಸರ್ಕಾರದ ಶಾಲೆ ಬಂತು. ಪಠ್ಯಪುಸ್ತಕ, ಇನ್‌ಸ್ಪೆಕ್ಟರು, ಪರೀಕ್ಷೆ ಬಂದವು. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಎಷ್ಟು ಮಕ್ಕಳು ಪಾಸಾದರೋ ಅಷ್ಟು ಅನುದಾನ ಅನ್ನೋ ಪದ್ಧತಿ ಇತ್ತು. ಇಂಥ ಕಡೆ ಮೇಷ್ಟ್ರಿಗೆ ಯಾವ ಮಗು ಬೇಕು? ಮನೆಯಲ್ಲಿ ಓದಿಸೋ ಅಪ್ಪ ಇರೋ ಮಗು ಬೇಕು. ಓದು ಬಲ್ಲ ಜಾತಿಗಳ ಮನೆ ಶಾಲೆಯ ಇನ್ನೊಂದು ಕೋಣೆಯ ಹಾಗೆ ಆಯಿತು. ಶಾಲೆಯಲ್ಲಿ ಉಳಿದದ್ದು ಅಲ್ಲಿ ಪೂರಾ ಆಗುತ್ತಿತ್ತು.

1882ರಲ್ಲಿ ಹಂಟರ್ ಆಯೋಗದ ಮುಂದೆ ಜ್ಯೋತಿಬಾ ಫುಲೆ ಹೇಳಿಕೆ ಕೊಟ್ಟರು. ರೈತನ ಬೆವರಿನ ಕಂದಾಯದಿಂದ ಮೇಲಿನವರ ಕಾಲೇಜು ನಡೀತದೆ, ಹಳ್ಳಿಯ ಮಗುವಿಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿ ಅಂದರು. ಅದೇ ಫುಲೆ ತಮ್ಮ ಹೆಂಡತಿ ಸಾವಿತ್ರಿಬಾಯಿಗೆ ಮನೆಯಲ್ಲೇ ಅಕ್ಷರ ಕಲಿಸಿದವರು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಆ ಮನೆಪಾಠ ಬೀದಿಗೆ ಬಂತು. ಒಂದು ಮನೆಯಲ್ಲಿ ಕಲಿತ ಅಕ್ಷರ ಊರಿಗೆ ಹಂಚಬೇಕು ಅನ್ನೋದು ನಮ್ಮ ಪರಂಪರೆ.

ಮದ್ರಾಸ್ ಸರ್ಕಾರ 1893ರ ಆಜ್ಞೆಯಿಂದ ಅಸ್ಪೃಶ್ಯರ ಮಕ್ಕಳ ಶಿಕ್ಷಣಕ್ಕೆ ಕೈಹಾಕಿತು. ಆಗ ಸರ್ಕಾರದ ಕಾಗದದಲ್ಲಿ ನಮಗಿಟ್ಟ ಹೆಸರು 'ಪಂಚಮ'. ಊರ ಶಾಲೆಗೆ ಸೇರಿಸಿಕೊಳ್ಳೋದಕ್ಕೆ ಊರವರು ಒಪ್ಪಲಿಲ್ಲ, ಬೇರೆ ಪಂಚಮ ಶಾಲೆಗಳು ಬಂದವು. 1920ರ ಹೊತ್ತಿಗೆ ಲೇಬರ್ ಇಲಾಖೆ ಈ ಕೆಲಸ ವಹಿಸಿಕೊಂಡು ತನ್ನದೇ ಶಾಲೆಗಳನ್ನು ನಡೆಸಿತು. ಬಾಗಿಲು ಅಷ್ಟು ತೆರೆಯಿತು. ಆದರೆ ಸಂಜೆ ಮಗು ವಾಪಸು ಹೋಗುವ ಮನೆಯಲ್ಲಿ ದೀಪ ಇರಲಿಲ್ಲ, ಓದಿದವರು ಇರಲಿಲ್ಲ. ಶಾಲೆ ಅದನ್ನು ತನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಬಾಬಾಸಾಹೇಬರ ಮಾತು ಬಂದಾಗಲೆಲ್ಲ ಅವರು ಹುಟ್ಟು ಪ್ರತಿಭೆ ಅಂತ ಹೇಳಿ ಮುಗಿಸ್ತೀವಿ. ಅವರ ಮನೆಯ ಕಡೆಯೂ ನೋಡೋಣ. ಅಪ್ಪ ರಾಮಜಿ ಸಕ್ಪಾಲ್ ಸೈನ್ಯದ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಮುಂಬಯಿಯ ಪರೇಲ್‌ನಲ್ಲಿ ಇದ್ದದ್ದು ಒಂದೇ ಕೋಣೆ. ಅದರಲ್ಲೇ ಅಡಿಗೆ, ಅದರಲ್ಲೇ ಸೌದೆ, ಅದರಲ್ಲೇ ಮಲಗೋದು. ಮಗ ಮೊದಲು ನಿದ್ದೆ ಮಾಡಲಿ ಅಂತ ಅಪ್ಪ ಎಚ್ಚರ ಇದ್ದು, ರಾತ್ರಿ ಎರಡು ಗಂಟೆಗೆ ಅವನನ್ನು ಓದಲು ಎಬ್ಬಿಸಿ ತಾನು ಮಲಗುತ್ತಿದ್ದರು. ಇಂಗ್ಲಿಷ್ ತಾವೇ ಹೇಳಿಕೊಡುತ್ತಿದ್ದರು. ಮಗ ಕೇಳಿದ ಪುಸ್ತಕಕ್ಕೆ ದುಡ್ಡಿಲ್ಲದಾಗ ಮದುವೆಯಾದ ಹೆಣ್ಣುಮಕ್ಕಳ ಒಡವೆ ಈಸಿಕೊಂಡು ಅಡವಿಟ್ಟು ತರುತ್ತಿದ್ದರು. ಶಾಲೆಯಲ್ಲಿ ನೀರು ಮುಟ್ಟಗೊಡದ ಮಗುವಿಗೆ ಮನೆಯಲ್ಲಿ ಒಬ್ಬ ಮೇಷ್ಟ್ರು ಇದ್ದರು. ಇದರಿಂದ ಬಾಬಾಸಾಹೇಬರ ಎತ್ತರ ಕಮ್ಮಿಯಾಗೋದಿಲ್ಲ. ಅಂಥ ಅಪ್ಪ ಇಲ್ಲದ ಕಾರಣಕ್ಕೆ ನಮ್ಮ ಕೇರಿಗಳಲ್ಲಿ ಎಷ್ಟು ಭೀಮರು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟರು ಅನ್ನೋ ಲೆಕ್ಕ ಮಾತ್ರ ನಮ್ಮೆದುರು ಬರ್ತದೆ.

3

1953ರ ಅಕ್ಟೋಬರ್ 1ರಂದು ನಮ್ಮ ಸೀಮೆ ಮದ್ರಾಸು ಬಿಟ್ಟು ಮೈಸೂರು ರಾಜ್ಯ ಸೇರಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ ಬಳ್ಳಾರಿಗೆ ವಾಪಸು ಬಂತು. 2021ರಲ್ಲಿ ಐದೂ ತಾಲ್ಲೂಕು ಹೊಸಪೇಟೆಯ ಜೊತೆ ವಿಜಯನಗರ ಜಿಲ್ಲೆಯಾದವು. ಜಿಲ್ಲೆಯ ಹೆಸರು ಬದಲಾಯಿತು, ಸಂಜೆಯ ಜಗಳ ಹಾಗೇ ಇದೆ.

ಬದಲಾವಣೆ ಏನೂ ಆಗಿಲ್ಲ ಅಂದರೆ ಅದು ಸುಳ್ಳು. ಎಪ್ಪತ್ತರ ದಶಕದ ಕೊನೆಗೆ ಭಾಗ್ಯಜ್ಯೋತಿ ಯೋಜನೆಯಲ್ಲಿ ಗುಡಿಸಲಿಗೆ ಒಂದು ಬಲ್ಬು ಬಂತು. ಆ ಒಂದು ಬಲ್ಬಿನ ಕೆಳಗೆ ಓದಿ ಮೇಷ್ಟ್ರಾದವರು, ಗುಮಾಸ್ತರಾದವರು ನಮ್ಮ ನಡುವೆ ಇದ್ದಾರೆ. ಸರ್ಕಾರಿ ಹಾಸ್ಟೆಲ್ಲುಗಳು ಬಂದವು. ಅಲ್ಲಿಯ ಅನ್ನದಷ್ಟೇ ದೊಡ್ಡದು ಅಲ್ಲಿಯ ಸಂಜೆಯ ಓದು. ದೊಡ್ಡ ಹುಡುಗ ಚಿಕ್ಕ ಹುಡುಗನಿಗೆ ಲೆಕ್ಕ ಹೇಳಿಕೊಡುತ್ತಿದ್ದ. 2002ರಲ್ಲಿ ಬಳ್ಳಾರಿ ಸೇರಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ ಮಧ್ಯಾಹ್ನದ ಬಿಸಿಯೂಟ ಸಿಕ್ಕಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನು ಹೊಡೆಯೋದು, ಮನಸ್ಸು ನೋಯಿಸೋದು ಎರಡನ್ನೂ ನಿಷೇಧಿಸಿತು. 1823ರ ಬಾರಿಕೋಲು ಕಾನೂನಿನಲ್ಲಿ ಮುರಿಯಲು ಇಷ್ಟು ಕಾಲ ಹಿಡಿಯಿತು.

ಇಷ್ಟಾದರೂ ಉಳಿದದ್ದು ಏನು ಅಂತ ನೋಡಿ.

ಶೇಂಗಾ ಕೀಳೋ ಕಾಲಕ್ಕೆ ಮನೆಮಂದಿಯೆಲ್ಲ ಹೊಲದಲ್ಲಿ. ಅದು ಮುಗಿದರೆ ಗುಳೆ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಯ ತಾಂಡಾಗಳ ಜನ ಕಬ್ಬು ಕಡಿಯೋಕೆ, ಚಿಕ್ಕಮಗಳೂರಿನ ಕಡೆಗೆ ಕಾಫಿ ಬಿಡಿಸೋಕೆ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗ್ತಾರೆ. ಅಜ್ಜಿಯ ಹತ್ತಿರ ಉಳಿದ ಮಗುವಿಗೆ ನೋಟ್‌ಬುಕ್ಕಿಗೆ ಸಹಿ ಹಾಕಿಸಿಕೊಂಡು ಬಾ ಅಂದರೆ ಅದು ಎಲ್ಲಿಗೆ ಹೋಗಬೇಕು? ತಾಂಡಾದ ಮಗುವಿಗೆ ಮನೆಮಾತು ಲಂಬಾಣಿ, ಶಾಲೆಯ ಮಾತು ಕನ್ನಡ, ಮೇಲೆ ಇಂಗ್ಲಿಷ್. ಅದು ಒಂದು ಹೋಂವರ್ಕ್ ಮಾಡೋಕೆ ಮೂರು ಭಾಷೆ ದಾಟಬೇಕು.

ಪರಿಸರ ಅಧ್ಯಯನದಲ್ಲಿ 'ನನ್ನ ಕುಟುಂಬ' ಅಂತ ಪಾಠ. ಮನೆಯಲ್ಲಿ ವಂಶವೃಕ್ಷ ಬರೆದುಕೊಂಡು ಬನ್ನಿ ಅಂತಾರೆ. ಅಜ್ಜ, ಅಜ್ಜಿ, ಅಪ್ಪ, ಅವ್ವ, ಗೆರೆ ಎಳೆದು ಹೆಸರು ತುಂಬೋದು. ಈ ತಾಲ್ಲೂಕುಗಳಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳಿದ್ದಾರೆ. ದೇವದಾಸಿ ಬಿಡುವುದನ್ನು 1947ರಲ್ಲಿ ಮದ್ರಾಸಿನ ಕಾಯ್ದೆ ನಿಷೇಧಿಸಿತು, ಮತ್ತೆ 1982ರ ಕರ್ನಾಟಕದ ಕಾಯ್ದೆ ನಿಷೇಧಿಸಿತು. ಎರಡು ಕಾಯ್ದೆ ದಾಟಿ ಬಂದ ಆ ಮಗು ಅಪ್ಪನ ಜಾಗದಲ್ಲಿ ಏನು ಬರೀಬೇಕು? ಆ ಖಾಲಿ ಜಾಗ ನೋಡಿ ಕ್ಲಾಸು ನಕ್ಕರೆ ಆ ಮಗು ಮರುದಿನ ಶಾಲೆಗೆ ಬರ್ತದೆಯೆ? ಮೇಷ್ಟ್ರಿಗೆ ಅದೊಂದು ಸಣ್ಣ ಚಟುವಟಿಕೆ. ಮಗುವಿಗೆ ಅದು ಊರ ನಡುವೆ ನಿಲ್ಲಿಸಿ ಕೇಳಿದ ಪ್ರಶ್ನೆ. 'ನಿನ್ನ ಮನೆಯಲ್ಲಿ ಯಾರು ಯಾರು ಇದ್ದಾರೆ, ಯಾರು ಏನು ಕೆಲಸ ಮಾಡ್ತಾರೆ' ಅಂತ ಕೇಳಿದರೆ ಪಾಠಕ್ಕೆ ಏನೂ ಕೊರತೆಯಾಗೋದಿಲ್ಲ, ಮಗುವಿನ ಮಾನ ಉಳೀತದೆ.

ಇನ್ನು ಚಾರ್ಟು, ಬಣ್ಣದ ಪೆನ್ನು, ಥರ್ಮಾಕೋಲಿನ ಮಾದರಿ. ಇವು ಒಂದು ದಿನದ ಕೂಲಿಗೆ ಕೈಹಾಕ್ತವೆ. ಉಳ್ಳವರು ಟ್ಯೂಷನ್‌ಗೆ ಕಳಿಸ್ತಾರೆ. ಹೀಗೆ ಮನೆಪಾಠ ಅಂಗಡಿಯ ಸರಕಾಯಿತು.

4

ಇದನ್ನು ನಾವು ಮಾತ್ರ ಹೇಳ್ತಿಲ್ಲ. ಮೈಸೂರಿನಲ್ಲಿದ್ದ ಕಾದಂಬರಿಕಾರ ಆರ್. ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಮಕ್ಕಳ ಪಾಟಿಚೀಲದ ಹೊರೆಯ ಬಗ್ಗೆ ಮಾತಾಡಿದ್ದರು. ಆಮೇಲೆ ಯಶ್‌ಪಾಲ್ ಸಮಿತಿ ಕೂತು 1993ರಲ್ಲಿ ವರದಿ ಕೊಟ್ಟಿತು. ಪ್ರಾಥಮಿಕ ತರಗತಿಗಳಿಗೆ ಹೋಂವರ್ಕ್ ಬೇಡ, ಮನೆಯ ಸುತ್ತಮುತ್ತ ನೋಡಿ ತಿಳಿಯುವ ಕೆಲಸ ಇದ್ದರೆ ಸಾಕು ಅಂತ ಅದು ಹೇಳಿತು. ಕೇಂದ್ರದ 2020ರ ಶಾಲಾಚೀಲ ನೀತಿಯೂ ಎರಡನೇ ತರಗತಿವರೆಗೆ ಹೋಂವರ್ಕ್ ಇಲ್ಲ, ಮೂರರಿಂದ ಐದರವರೆಗೆ ವಾರಕ್ಕೆ ಎರಡು ಗಂಟೆಗಿಂತ ಹೆಚ್ಚು ಬೇಡ ಅಂದಿತು. ಕಾಗದದ ಮಾತು ಕಾಗದದಲ್ಲಿ ಉಳೀತು. ಹಳ್ಳಿಯ ಮೇಷ್ಟ್ರುಗಳು ಈ ಎರಡು ಕಾಗದಗಳನ್ನು ಇಟ್ಟುಕೊಂಡು ಮಾತಾಡಬಹುದು.

ಕೊರೊನಾ ಬಂದ 2020ರಲ್ಲಿ ಇಡೀ ಶಾಲೆಯೇ ಹೋಂವರ್ಕ್ ಆಯಿತು. ಫೋನಿದ್ದ ಮನೆಗೆ ಪಾಠ, ಇಲ್ಲದ ಮನೆಗೆ ರಜೆ. ಆಗ ರಾಜ್ಯ ಸರ್ಕಾರ ವಿದ್ಯಾಗಮ ಅಂತ ಆಗಸ್ಟಿನಲ್ಲಿ ಶುರು ಮಾಡಿತು, ಅಕ್ಟೋಬರಿನಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿತು. ಮೇಷ್ಟ್ರು ಮಕ್ಕಳಿದ್ದಲ್ಲಿಗೇ ಬಂದು ಮರದ ಕೆಳಗೆ, ಕಟ್ಟೆಯ ಮೇಲೆ ಕೂತು ಪಾಠ ಹೇಳಿದರು. ಯಾವ ಕಟ್ಟೆ ಯಾರಿಗೆ ಸೇರಿದ್ದು ಅನ್ನೋ ಪ್ರಶ್ನೆ ಅಲ್ಲೂ ಇತ್ತು. ಆದರೂ ಒಂದು ಮಾತು ಸಾಬೀತಾಯಿತು. ಮನೆಗೆ ಪಾಠ ಹೊರಿಸಲಾಗದಿದ್ದರೆ ಪಾಠವೇ ಕೇರಿಗೆ ಬರಬಹುದು.

5

ಹಾಗಾದರೆ ನಾವು ಮಾಡೋದೇನು? ಹೋಂವರ್ಕ್ ರದ್ದಾಗಲಿ ಅಂತ ಕೂತರೆ ಈ ವರ್ಷದ ಮಗುವಿನ ವರ್ಷ ಹೋಗ್ತದೆ. 1823ರ ಜಗಲಿಯ ಮೇಲಿದ್ದ ಆ ಪದ್ಧತಿಯನ್ನು ಕೇರಿಗೆ ತರೋಣ. ಅಂಬೇಡ್ಕರ್ ಭವನ ಇದ್ದಲ್ಲಿ ಭವನ, ಅಂಗನವಾಡಿ ಇದ್ದಲ್ಲಿ ಅದರ ಪಡಸಾಲೆ, ಇಲ್ಲದಿದ್ದರೆ ಬೀದಿ ದೀಪದ ಕಂಬ. ಸಂಜೆ ಒಂದೂವರೆ ತಾಸು. ಏಳನೇ ಕ್ಲಾಸಿನ ಹುಡುಗಿ ಮೂರನೆಯವರಿಗೆ, ಹೈಸ್ಕೂಲಿನವರು ಏಳನೆಯವರಿಗೆ, ಕಾಲೇಜಿನವರು ಹೈಸ್ಕೂಲಿನವರಿಗೆ. ಬಸ್ಕಿ, ಬಾರಿಕೋಲು ಬೇಡ.

ವಿಷಯ ವಿಷಯಕ್ಕೂ ದಾರಿ ಇದೆ.

ಕನ್ನಡ: ಮಗು ಗಟ್ಟಿಯಾಗಿ ಓದಲಿ, ಅವ್ವ ರೊಟ್ಟಿ ತಟ್ಟುತ್ತಾ ಕೇಳಲಿ. ಎಲ್ಲಿ ತಡವರಿಸಿತು ಅಂತ ಕಿವಿಗೆ ಗೊತ್ತಾಗ್ತದೆ, ಅದಕ್ಕೆ ಅಕ್ಷರ ಬೇಕಿಲ್ಲ. 'ಏನು ಓದಿದಿ, ನಿನ್ನ ಮಾತಲ್ಲಿ ಹೇಳು' ಅಂತ ಕೇಳಿದರೆ ಅರ್ಧ ಪಾಠ ಆಯಿತು. ಮಗು 'ಆಕಿ' ಅಂದರೆ ತಪ್ಪಲ್ಲ, ಪುಸ್ತಕ 'ಅವಳು' ಅಂತದೆ. ಎರಡೂ ಕನ್ನಡ ಅಂತ ಮೇಷ್ಟ್ರು ಹೇಳಬೇಕು.

ಲೆಕ್ಕ: ಶೇಂಗಾ ಬೀಜ ಹತ್ತರ ಗುಂಪು ಮಾಡಿದರೆ ಬಿಡಿ, ಹತ್ತು, ನೂರು ಕಣ್ಣಿಗೆ ಕಾಣ್ತದೆ. ಹಡಗಲಿಯಲ್ಲಿ ಮಲ್ಲಿಗೆ ಕಟ್ಟೋ ತಾಯಿಗೆ ಮಾರಿಗೆ ನಾಲ್ಕು ಮೊಳ ಅಂತ ಗೊತ್ತು. ಮೊಳಕ್ಕೆ ಇಪ್ಪತ್ತಾದರೆ ಎರಡೂವರೆ ಮಾರಿಗೆ ಎಷ್ಟು ಅಂತ ಕೇಳಿ, ಆಕೆ ಇನ್ನೂರು ಅಂತ ತಕ್ಷಣ ಹೇಳ್ತಾಳೆ. ಅದನ್ನು ಕಾಗದದ ಮೇಲೆ ಇಳಿಸೋದು ಮಗುವಿನ ಕೆಲಸ. ಅಂಗಡಿಯ ಉದ್ರಿ ಚೀಟಿ, ಮೇಸ್ತ್ರಿಯ ಕೂಲಿ ಚೀಟಿ ಕೂಡಿಸಿ ನೋಡಲಿ. ಲೆಕ್ಕ ಬಲ್ಲ ಮಗು ಇರೋ ಮನೆಗೆ ಮೋಸ ಮಾಡೋದು ಕಷ್ಟ.

ಪರಿಸರ: ಯಾವ ಮಳೆಗೆ ಯಾವ ಬೀಜ, ಯಾವ ಸೊಪ್ಪು ಕುರಿಗೆ ಆಗೋದಿಲ್ಲ ಅಂತ ಅಜ್ಜ ಅಜ್ಜಿಯನ್ನು ಕೇಳಿ ಬರೆಯಲಿ. ಯಶ್‌ಪಾಲ್ ಸಮಿತಿ ಒಪ್ಪಿದ ಮನೆಗೆಲಸ ಇದು.

ಸಮಾಜ: ಊರಿನ ನಕ್ಷೆ ಬರೆಯಲಿ. ಗುಡಿ ಎಲ್ಲಿ, ಬಾವಿ ಎಲ್ಲಿ, ಕೇರಿ ಎಲ್ಲಿ, ಯಾಕೆ ಅಲ್ಲಿ? ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನ ಊರುಗಳ ಮಕ್ಕಳು ಯಾವ ಹೊಲ ಮುಳುಗಿತು ಅಂತ ಹಿರಿಯರನ್ನು ಕೇಳಲಿ. ಈ ಉತ್ತರಗಳು ಗೈಡಿನಲ್ಲಿ ಸಿಗೋದಿಲ್ಲ.

ಇಂಗ್ಲಿಷ್: ಇದೇ ಕಷ್ಟ. ಸೋಪಿನ ಕಾಗದ, ಬಸ್ಸಿನ ಬೋರ್ಡು, ಫೋನಿನ ಅಕ್ಷರ ಓದಿಸಿ ಶುರು ಮಾಡಬಹುದು. ಮುಂದಕ್ಕೆ ಓದಿದವರೇ ಬೇಕು. ಕೇರಿಯಿಂದ ಓದಿ ನೌಕರಿ ಹಿಡಿದು ಹೊಸಪೇಟೆ, ಬಳ್ಳಾರಿ ಸೇರಿದ ಅಣ್ಣಂದಿರು, ಅಕ್ಕಂದಿರು ವಾರಕ್ಕೆ ಒಂದು ಸಂಜೆ ವಾಪಸು ಬರಲಿ. ಮೀಸಲಾತಿಯ ಸಾಲ ಹೀಗೂ ತೀರ್ತದೆ.

ಹೆಣ್ಣುಮಗುವಿನ ಕೈಯ ಕೊಡವನ್ನು ಆ ಒಂದೂವರೆ ತಾಸು ಅಣ್ಣ ಹಿಡೀಬೇಕು, ಅಪ್ಪ ಹಿಡೀಬೇಕು. ಇದನ್ನು ಹೇಳದೆ ಬೇರೆ ಎಲ್ಲಾ ಹೇಳಿದರೆ ನಮ್ಮ ಮಾತು ಪೊಳ್ಳು.

ಮೇಷ್ಟ್ರುಗಳಲ್ಲಿ ನಮ್ಮ ಕೇಳಿಕೆ ಒಂದೇ. ಹೋಂವರ್ಕ್ ಕೊಡೋ ಮುಂಚೆ ಅದು ಹೋಗೋ ಮನೆಯನ್ನು ನೆನೆಸಿಕೊಳ್ಳಿ. ಅಲ್ಲಿ ದೀಪ ಇದೆಯೆ, ಕೂರೋ ಜಾಗ ಇದೆಯೆ, ಅವ್ವ ಊರಲ್ಲಿದ್ದಾಳೆಯೆ? ಮಾಡದೆ ಬಂದ ಮಗುವಿಗೆ 'ಯಾಕೆ ಮಾಡಿಲ್ಲ' ಅಂತ ಗದರಿಸುವ ಬದಲು 'ಎಲ್ಲಿ ನಿಂತಿತು' ಅಂತ ಕೇಳಿ. ಮೊದಲನೆಯದಕ್ಕೆ ಮಗು ತಲೆ ತಗ್ಗಿಸ್ತದೆ, ಎರಡನೆಯದಕ್ಕೆ ನೋಟ್‌ಬುಕ್ಕು ಬಿಚ್ಚಿ ತೋರಿಸ್ತದೆ.

ಶಿಕ್ಷಣ, ಸಂಘಟನೆ, ಹೋರಾಟ ಅಂತ ಗೋಡೆ ಮೇಲೆ ಬರೀತೀವಿ. ಮೂರರಲ್ಲಿ ಮೊದಲನೆಯದು ಸಂಜೆ ಆರೂವರೆಗೆ, ಕೇರಿಯಲ್ಲಿ, ಒಂದು ಹಲಗೆ ಒಂದು ಬಳಪದಿಂದ ಶುರುವಾಗ್ತದೆ. ಬರೋ ಸೋಮವಾರದಿಂದಲೇ ಕೂರಬಹುದು.